ಎಡಗೈಯವನ ಕೋವಿ

"ಎಡಗೈಯವರಿಗೆ ಬೇಕು," ಎಂದು ಮಾಸ್ತರನ ಹೆಂಡತಿ ಅಳತೆಯ ಚೀಟಿಯನ್ನು ಮೇಜಿನ ಮೇಲಿಟ್ಟಳು. ಮುಖ ಎತ್ತಲಿಲ್ಲ.

ಕೋವಿ ಬಡಗಿಯ ಉಳಿ ಅಲ್ಲೇ ನಿಂತಿತು. ಭುಜಕ್ಕೆ ಆನಿಸಿ ಕೆನ್ನೆ ಒರಗಿಸುವ ಮರದ ಹಿಡಿಯನ್ನು ಆಳಿಗೆ ತಕ್ಕಂತೆ ಕೆತ್ತಿಕೊಡುವುದು ಅವನ ಕಸುಬು. ಮಾಸ್ತರ ಬಲಗೈಯವನೆಂಬುದು ಅವನಿಗೆ ಗೊತ್ತಿಲ್ಲದ್ದೇ?

"ಮಾಸ್ತರಿಗಲ್ವಾ ತಂಗಿ ಇದು?"

"ಅವರು ಊರಲ್ಲಿಲ್ಲ ಅಣ್ಣ. ಯಾರಿಗೆ ಅಂತ ಕೇಳ್ಬೇಡಿ. ಕೋವಿ ಅದೇ. ಹಳೇ ಹಿಡೀನ ಒಲೆಗೆ ಹಾಕ್ಬಿಟ್ಟೆ."

ಒಲೆಗೆ! ಎರಡು ತಿಂಗಳು ಕೂತು ಕೆತ್ತಿದ ಅಕ್ರೋಟು ಮರ.

ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದ ಮಾಸ್ತರ ಅವನಿಗಿದ್ದ ಒಬ್ಬನೇ ಗೆಳೆಯ. ಹೆಂಡತಿ ಸತ್ತ ಮೇಲೆ ಬಡಗಿ ದಿನಕ್ಕೆ ನಾಲ್ಕು ಮಾತಾಡುತ್ತಿದ್ದರೆ ಅದು ಸಂಜೆ ಅವನು ಬಂದು ಮುಕ್ಕಾಲಿಯ ಮೇಲೆ ಕೂತಾಗ. ದುರ್ಬೀನು ಕೂರಿಸಿದ ಭಾರೀ ಕೋವಿ ಕೊಂಡಾಗ, "ಅಳತೆ ಪಟ್ಟಿ ತಗೊಳ್ಳೋ" ಎಂದಿದ್ದ. "ನಿನ್ನ ಕೈಗೆ ಪಟ್ಟಿ ಬೇರೆ ಕೇಡು," ಎಂದು ಬಡಗಿ ಕಣ್ಣಳತೆಯಲ್ಲೇ ಮುಗಿಸಿದ್ದ. ಆ ಕೋವಿ ಹೆಗಲಿಗೇರಿಸಿ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆರು ತಿಂಗಳಾಯಿತು. ಎರಡು ಸಲ ಮನೆಗೆ ಹೋದಾಗಲೂ ಅವಳು ಬಾಗಿಲಲ್ಲೇ ನಿಂತು, "ಊರಲ್ಲಿಲ್ಲ," ಎಂದು ಕಳಿಸಿದ್ದಳು.

ಈಗ ಈ ಎಡಗೈಯವನು.

ಚೀಟಿ ಓದಿದ. ಅಂಗೈ ಅಗಲ ಮಾಸ್ತರನದೇ, ಭುಜದ ಇಳಿಜಾರೂ ಅದೇ. ತೋಳು ಮಾತ್ರ ಅಂದು ಮಾಸ್ತರನಿಗೆ ತಾನು ಹಿಡಿದಿದ್ದ ಲೆಕ್ಕಕ್ಕಿಂತ ಒಂದಂಗುಲ ಉದ್ದ. 'ಹೋಲಿಕೆ ನೋಡಿಯೇ ಹುಡುಕಿಕೊಂಡಿದ್ದಾಳೆ,' ಎಂದು ಕಹಿಯಾಗಿ ನಕ್ಕ.

ಆದರೂ ಕೆಲಸದಲ್ಲಿ ಮೋಸ ಮಾಡಲಿಲ್ಲ. ಕೆನ್ನೆ ಒರಗುವ ಉಬ್ಬನ್ನು ಈ ಬಾರಿ ಆಚೆ ಮಗ್ಗುಲಿಗೆ ಬಿಟ್ಟ. ಅರ ಹಿಡಿದು ಉಜ್ಜಿದ, ಅಗಸೆ ಎಣ್ಣೆ ತಿಕ್ಕಿದ. ತನ್ನ ಎಡಭುಜಕ್ಕೆ ಆನಿಸಿ ನೋಡಿದಾಗ ಬೇರೆ ಯಾರದೋ ಅಂಗಿ ತೊಟ್ಟಂತಾಯಿತು. ಮುಕ್ಕಾಲಿಯ ಮೇಲೆ ಮರದ ಹೊಟ್ಟು ಕೂರುತ್ತಿತ್ತು. ಒರೆಸಲು ಮನಸ್ಸಾಗಲಿಲ್ಲ.

"ನಾನೇ ಬಂದು ಒಯ್ತೀನಿ, ನೀವು ಬರ್ಬೇಡಿ," ಎಂದಿದ್ದಳು. ಹಿಡಿ ಮುಗಿದ ಮಧ್ಯಾಹ್ನ ಬಡಗಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಹೊರಟ. ಆ ಎಡಗೈಯವನ ಮುಖ ಒಮ್ಮೆ ನೋಡಬೇಕು. ಗೆಳೆಯನಿಗೆ ಏನು ಮಾಡಿದಿರಿ ಎಂದು ಕೇಳಬೇಕು.

ಬಾಗಿಲು ಬಡಿದ.

ತೆರೆದವನು ಮಾಸ್ತರ.

ಸೊರಗಿದ್ದ. ಬಲಗಣ್ಣಿನ ರೆಪ್ಪೆಯನ್ನು ಹೊಲಿದು ಮುಚ್ಚಲಾಗಿತ್ತು. ಒಂದು ಗಳಿಗೆ ತಬ್ಬಿಬ್ಬಾದವನು ಹಳೆಯ ದನಿಯಲ್ಲೇ ನಕ್ಕ.

"ಬಂದ್ಯಾ ಮಾರಾಯ? ಮೆಟ್ಟಿಲ ಮೇಲೆ ಜಾರಿ ಬಿದ್ದೆ, ಅಷ್ಟೇ. ಗುರಿ ಇಡೋವಾಗ ಹೇಗೂ ಒಂದು ಮುಚ್ಚಬೇಕಲ್ಲ! ಇನ್ನು ಎಡಗೈಯಲ್ಲೇ ಕಲೀತೀನಿ."

"ಅಷ್ಟಕ್ಕೇನಾ ನನ್ನಿಂದ ಬಚ್ಚಿಟ್ಕೊಂಡಿದ್ದು?"

ಒಳಗಿನಿಂದ ಓಡಿಬಂದ ಹೆಂಡತಿ ಗಂಡನ ತೋಳು ಹಿಡಿದು ನೆರಳಿಗೆ ಎಳೆದಳು. "ಬರ್ಬೇಡಿ ಅಂದಿದ್ದೆನಲ್ಲಣ್ಣ," ಎನ್ನುವಷ್ಟರಲ್ಲಿ ಅತ್ತೇಬಿಟ್ಟಳು.

ತಡವಾಗಿತ್ತು. ಹುಬ್ಬಿನ ಮೇಲೆ ಅರ್ಧ ಬಳೆಯಂತೆ ಬಾಗಿದ ಆ ಗಾಯ ಮೆಟ್ಟಿಲಿನದೆಂದು ಬೇರೆ ಯಾರು ನಂಬಿದರೂ ಕೋವಿ ಬಡಗಿ ನಂಬುವಂತಿರಲಿಲ್ಲ: ಹಿಡಿ ಒಂದಂಗುಲ ಗಿಡ್ಡವಾದ ಕೋವಿ ಗುಂಡು ಹಾರಿದ ರಭಸಕ್ಕೆ ಒದ್ದಾಗ, ದುರ್ಬೀನಿನ ಅಂಚು ಹಿಂದಕ್ಕೆ ನುಗ್ಗಿ ಕಣ್ಣಿಗೆ ಬಡಿದು ಬಿಡುವ ಗುರುತು ಅದು.