ಮೂರು ಕೊರತೆ

"ಅಮ್ಮಾ, ಮುಖಕ್ಕೆ ಏನು ಹಚ್ಕೋಬೇಕು ಅಂತ ಇವತ್ತಾದ್ರೂ ಹೇಳ್ಕೊಡ್ತೀಯಾ?" ಎಂದು ಮಗಳು ಕೇಳಿದಾಗ ತಾಯಿ ಇನ್ನೂ ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಒಂಬತ್ತು ಗಂಟೆ ಕೌಂಟರಿನ ಹಿಂದೆ ನಿಂತು ಪಾದಗಳು ಊದಿಕೊಂಡಿದ್ದವು. ಕ್ರೀಮು, ಪೌಡರು, ಲಿಪ್‌ಸ್ಟಿಕ್ಕು ಮಾರುವ ಆ ಅಂಗಡಿಯಲ್ಲಿ ಕೂರುವಂತಿಲ್ಲ. ಕೂತರೆ ತೂಕಡಿಕೆ ಬರುತ್ತದೆ, ತೂಕಡಿಕೆ ಬಂದರೆ ನಗು ಹೋಗುತ್ತದೆ ಎಂಬುದು ಸೂಪರ್‌ವೈಸರನ ಶೋಧ. ಪುಣ್ಯಾತ್ಮನಿಗೆ ಮಾತ್ರ ಕುರ್ಚಿಯುಂಟು.

ಮಗಳಿಗೆ ಹದಿನಾಲ್ಕು. ಗದ್ದದ ಮೇಲೆ ಒಂದೇ ಒಂದು ಮೊಡವೆ ಎದ್ದಿತ್ತು. ನಾಳೆ ತರಗತಿಯ ಗುಂಪು ಫೋಟೊ. ಗೆಳತಿಯರೆಲ್ಲ ಏನೇನೋ ಹಚ್ಚಿಕೊಂಡು ಬರುವವರಿದ್ದರು. ಬೀದಿಯವರ ಬಾಯಲ್ಲಿ ತಾಯಿ ಕ್ರೀಮಕ್ಕ. ಕ್ರೀಮಕ್ಕನ ಮಗಳ ಮುಖಕ್ಕೆ ಮಾತ್ರ ಬರೀ ನೀರು. ದೀಪದ ಬುಡ ಯಾವತ್ತೂ ಕತ್ತಲೆಯೇ. ವಾರದಿಂದ ಮಗಳು ಕೇಳುತ್ತಿದ್ದಳು, ವಾರದಿಂದ ತಾಯಿ "ಭಾನುವಾರ ನೋಡೋಣ" ಎನ್ನುತ್ತಿದ್ದಳು. ಭಾನುವಾರವೂ ಅಂಗಡಿ ತೆರೆದಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಸರಿ, ಬಾ. ಬೆಳಕಿಗೆ ಬಂದು ಕೂತ್ಕೊ." ತಾಯಿ ಕುರ್ಚಿ ಎಳೆದು ಹಾಕಿದಳು. ಎರಡು ಬೆರಳಲ್ಲಿ ಗದ್ದ ಹಿಡಿದು ಮುಖವನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿದಳು. ಗದ್ದ ಬೆರಳಿಗೆ ತಾಗಿದ್ದೇ ತಡ, ಬಾಯಿ ತನ್ನಷ್ಟಕ್ಕೆ ತಾನೇ ಶುರುಮಾಡಿತು.

"ಮೂಗಿನ ಮೇಲೆ ಚರ್ಮದ ರಂಧ್ರ ದೊಡ್ಡದಾಗಿದೆ ನೋಡಿ. ಕಣ್ಣಿನ ಕೆಳಗೆ ಕಪ್ಪಾಗ್ತಾ ಇದೆ. ಹಣೆ ಒಂದು ಬಣ್ಣ, ಕೆನ್ನೆ ಒಂದು ಬಣ್ಣ. ಈಗಿನಿಂದಲೇ ನೋಡ್ಕೊಂಡ್ರೆ ಒಳ್ಳೇದು ಮೇಡಂ."

ಮೇಡಂ ಎಂದ ಮೇಲೆ ತಾಯಿಗೆ ಎಚ್ಚರವಾಯಿತು. ಬೇರೆ ದಿನವಾಗಿದ್ದರೆ ಮಗಳು ಬಿದ್ದು ಬಿದ್ದು ನಕ್ಕು ಊರಿಗೆಲ್ಲ ಸಾರುತ್ತಿದ್ದಳು. ಇವತ್ತು ನಗಲಿಲ್ಲ.

"ನಾನು ಒಂದು ಮೊಡವೆ ತೋರ್ಸೋಕೆ ಬಂದೆ. ನೀನು ಅದರ ಜೊತೆ ಇನ್ನೂ ಮೂರು ಕೊಟ್ಟೆ."

"ಅಯ್ಯೋ, ಬಾಯಿ ತಪ್ಪಿ ಬಂತು ಕಣೆ. ಅದು ಅಂಗಡಿ ಪಾಠ. ಯಾರೇ ಬಂದ್ರೂ ಮೊದಲು ಮೂರು ಕೊರತೆ ಹೇಳ್ಬೇಕು, ಆಮೇಲೆ ಡಬ್ಬಿ ತೆಗೀಬೇಕು. ಮೊನ್ನೆ ಒಬ್ಳು ಬಂದಿದ್ಲು, ದೃಷ್ಟಿ ತಾಗೋ ಹಾಗಿದ್ಲು. ಅವಳಿಗೂ ಇದೇ ಮೂರು. ಎರಡು ಡಬ್ಬಿ ತಗೊಂಡು ಹೋದ್ಲು, ಪಾಪ."

"ಪಾಪ ಅಂತೀಯಲ್ಲ, ಹಾಗಾದ್ರೆ ನೀನು ಹೇಳಿದ್ದು ಸುಳ್ಳೇ ತಾನೆ?"

ಸುಳ್ಳು ಎಂದರೆ ಒಂಬತ್ತು ವರ್ಷ ಉಂಡ ಅನ್ನಕ್ಕೆ ಅವಮಾನ, ನಿಜ ಎಂದರೆ ಎದುರಿಗಿದ್ದ ಮುಖಕ್ಕೆ. ಯೋಚಿಸಿ ಮಾತಾಡುವಷ್ಟು ತ್ರಾಣವೂ ತಾಯಿಗೆ ಉಳಿದಿರಲಿಲ್ಲ. "ಹೂಂ, ಸುಳ್ಳೇ ಅಂತಿಟ್ಕೊ. ತುಂಬಾ ಚೆನ್ನಾಗಿದೀಯ. ನಿನ್ನ ಮುಖಕ್ಕೇನಾಗಿದೆ?"

"ಇದನ್ನೂ ಅಂಗಡಿ ದನೀಲೇ ಹೇಳ್ದೆ" ಎಂದಳು ಮಗಳು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಂಗೆ ಅಷ್ಟೂ ಯೋಗ ಇಲ್ಲ."

ಬೆಳಗಿನಿಂದ ಕಂಡವರ ಗದ್ದವನ್ನೆಲ್ಲ ಹಿಡಿದು ಬಂದ ತನ್ನ ಬೆರಳುಗಳ ಮೇಲೆಯೇ ತಾಯಿಗೆ ಸಿಟ್ಟು ಬಂತು. ಮಾತು ಬೇಡವೆಂದು ಮಗಳನ್ನು ಬಚ್ಚಲಿಗೆ ಕರೆದೊಯ್ದು, ಚಿಕ್ಕಂದಿನಲ್ಲಿ ತೊಳೆಸುತ್ತಿದ್ದ ಹಾಗೆ ಮುಖ ತೊಳೆಸಿದಳು. ಉಜ್ಜದೆ, ಟವೆಲನ್ನು ಮೆಲ್ಲಗೆ ಒತ್ತಿ ಒರೆಸಿದಳು. ಮತ್ತೆ ಕುರ್ಚಿಯಲ್ಲಿ ಕೂರಿಸಿ, ತನ್ನ ಚೀಲದಿಂದ ಮೂರು ಪುಟ್ಟ ಸ್ಯಾಂಪಲ್ ಡಬ್ಬಿ ತೆಗೆದಳು.

"ನೋಡು, ಮೊಡವೆ ಚಿವುಟಬೇಡ. ದಿನಕ್ಕೆ ಎರಡು ಸಲ ಹೀಗೆ ತೊಳ್ಕೊ. ಬಿಸಿಲಿಗೆ ಹೋಗೋವಾಗ ಈ ಕ್ರೀಮು. ಫೋಟೊಗೆ ಬೇಕಿದ್ರೆ ತುಟಿಗೆ ಇಷ್ಟೇ ಇಷ್ಟು ಬಣ್ಣ, ಮೊಡವೆ ಮೇಲೆ ಈ ಮೈಬಣ್ಣದ ಕ್ರೀಮಿನದ್ದೊಂದು ಚುಕ್ಕೆ. ಮುಗೀತು."

"ಇಷ್ಟೇನಾ? ಇಷ್ಟಕ್ಕೆ ಅಷ್ಟೊಂದು ಜನ ನಿನ್ನತ್ರ ಯಾಕೆ ಬರ್ತಾರೆ?"

"ಅವರಿಗೆ ಮನೇಲಿ ಯಾರೂ ಹೇಳ್ಕೊಟ್ಟಿರಲ್ಲ."

ಕಿರುಬೆರಳಿನ ತುದಿಯಲ್ಲಿ ತಾಯಿ ಮಗಳ ತುಟಿಗೆ ಬಣ್ಣ ಸವರಿ, ಮೊಡವೆಯ ಮೇಲೊಂದು ಚುಕ್ಕೆಯಿಟ್ಟಳು. ಮೊಡವೆ ಎಲ್ಲಿತ್ತೆಂದು ಈಗ ಹುಡುಕಬೇಕಿತ್ತು. ಮಗು ಯಾವಾಗ ಇಷ್ಟು ಬೆಳೆಯಿತು, ಇಷ್ಟು ಚೆಲುವೆ ಯಾವಾಗ ಆದಳು? ತಾನು ಕೌಂಟರಿನಲ್ಲಿ ನಿಂತಿದ್ದಾಗಲೇ ಇರಬೇಕು. ಹೇಳಬೇಕೆಂದು ಬಾಯಿ ತೆರೆದಳು. ಯಾವ ದನಿ ಹೊರಟೀತೋ ಎಂದು ಹೆದರಿ ಮುಚ್ಚಿಕೊಂಡಳು.

ಮಗಳು ಎದ್ದು ಕನ್ನಡಿಯ ಮುಂದೆ ನಿಂತಳು. ತುಟಿಯನ್ನು ನೋಡಿಕೊಳ್ಳಲಿಲ್ಲ, ಮೊಡವೆಯನ್ನೂ ನೋಡಿಕೊಳ್ಳಲಿಲ್ಲ. ಬೆರಳಿನಿಂದ ಕಣ್ಣಿನ ಕೆಳಗಿನ ಚರ್ಮವನ್ನು ಎಳೆದು ಹಿಡಿದಳು.

"ಅಮ್ಮಾ, ಈ ಕಪ್ಪು ನಿನ್ನೆ ಇತ್ತಾ?"

"ಇರ್ಲಿಲ್ಲ."

"ಇವತ್ತು ಬೆಳಿಗ್ಗೆ?"

"ನಿನ್ನಾಣೆಗೂ ಇರ್ಲಿಲ್ಲ ಕಣೆ."

ಮಗಳು ಕನ್ನಡಿಗೆ ಇನ್ನಷ್ಟು ಹತ್ತಿರ ಹೋದಳು.

"ಈಗ ಇದೆ" ಎಂದಳು.