ಮೂರನೇ ನಂಬರಿನ ಕುರ್ಚಿ

"ಏನಯ್ಯಾ ಮಾಡ್ತಿದ್ದೀಯ ಅಲ್ಲಿ?" ಖರೀದಿ ಅಧಿಕಾರಿಗಳು ಗದರಿದರು.

ಮಾದರಿ ಕುರ್ಚಿಗಳನ್ನಿಟ್ಟ ಕೋಣೆಯಲ್ಲಿ, ಮೂರನೇ ನಂಬರಿನ ಕುರ್ಚಿಯ ಅಡಿಯಿಂದ ಆಫೀಸಿನ ಬಡಗಿ ತೆವಳಿಕೊಂಡು ಹೊರಬಂದ. ಕೈಯಲ್ಲಿ ಸ್ಕ್ರೂಡ್ರೈವರ್.

"ಸ್ಕ್ರೂ ಬಿಗಿ ಮಾಡ್ತಿದ್ದೆ ಸಾರ್."

ಬಿಗಿ ಮಾಡುವುದಂತೆ! ಯಾರ ಕಿವಿಗೆ ಹೂವಿಡುತ್ತಾನೆ? ಹಳೆಯ ಕುರ್ಚಿಗಳೆಲ್ಲ ನಾಲಾಯಕ್ಕು, ನಲವತ್ತು ಹೊಸದು ತರಿಸಿ ರಿಪೇರಿ ಶೆಡ್ಡು ಮುಚ್ಚಿಬಿಡಿ ಎಂದು ಹನ್ನೆರಡು ಪುಟ ಬರೆದವರು ಈ ಖರೀದಿ ಅಧಿಕಾರಿಗಳೇ. ಶೆಡ್ಡು ಮುಚ್ಚಿದರೆ ಬಡಗಿಯ ಕೆಲಸ ಹೋಗುತ್ತದೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಮಾದರಿಯನ್ನು ಸಡಿಲ ಮಾಡಿ ತಮ್ಮನ್ನು ಬೀಳಿಸುವ ಹುನ್ನಾರ ಇದು, ಅನುಮಾನವೇ ಇಲ್ಲ.

"ನಿನ್ನ ಆಟ ನನ್ನ ಹತ್ರ ನಡಿಯಲ್ಲ. ನಡಿ ಆಚೆ!"

"ಆಯ್ತು ಸಾರ್. ಒಂದ್ಸಲ ಕೂತು ನೋಡಿ," ಎಂದು ಬಡಗಿ ಹೋದ.

ಟೆಂಡರಿಗೆ ಬಂದದ್ದು ಮೂರೇ ಪ್ರಸ್ತಾವ. ಯಾವ ಕುರ್ಚಿ ಯಾರದೆಂಬುದು ಗುಮಾಸ್ತೆಯ ಬಳಿಯಿದ್ದ ಲಕೋಟೆಗಳಿಗಷ್ಟೇ ಗೊತ್ತು. ಅಂಕ ಹಾಕಿ ಸಹಿ ಮಾಡುವ ತನಕ ಒಡೆಯುವಂತಿಲ್ಲ. ಸಹಿಯಾದ ಮೇಲೆ ಬದಲಿಸುವಂತಿಲ್ಲ. ಯಾರು ಬೇಕಾದರೂ ಟೆಂಡರು ಹಾಕಬಹುದು. ಎಲ್ಲವೂ ಅಧಿಕಾರಿಗಳೇ ಮಾಡಿದ ನಿಯಮ. ಅವರ ಸ್ವಂತ ಕುರ್ಚಿ ವಾರದ ಹಿಂದೆಯೇ ಶೆಡ್ಡು ಸೇರಿತ್ತು. ಸ್ಟೂಲಿನ ಮೇಲೆ ಕೂತೂ ಕೂತೂ ಸೊಂಟ ಹಿಡಿದಿತ್ತು.

ಮೊದಲನೆಯದು ಬೆನ್ನಿಗೆ ಹಲಗೆ ಕಟ್ಟಿದ ಹಾಗಿತ್ತು. ಎರಡನೆಯದರಲ್ಲಿ ಎಷ್ಟು ಹೂತುಹೋದರೆಂದರೆ, ಗುಮಾಸ್ತೆ ಕೈ ಹಿಡಿದು ಎಳೆಯಬೇಕಾಯಿತು. ಮೂರನೆಯದರಲ್ಲಿ ಹೆದರಿ ಹೆದರಿ ಅರ್ಧ ಕೂತರು. ಬೀಳಲಿಲ್ಲ. ಪೂರ್ತಿ ಕೂತರು. ಕೈ ತಾನಾಗಿಯೇ ಎತ್ತರ ಹೊಂದಿಸುವ ಅಡಿಯ ಹಿಡಿಕೆಗೆ ಹೋಯಿತು, ಬಗ್ಗಿ ಹುಡುಕಬೇಕಾಗಲಿಲ್ಲ. ಅಬ್ಬಾ, ಎಂಥ ಸುಖ!

"ಕುರ್ಚಿ ಅಂದ್ರೆ ಇದು ಕಣಮ್ಮಾ! ನನ್ನ ಬೆನ್ನಿನ ಅಳತೆ ತಗೊಂಡೇ ಮಾಡಿದ ಹಾಗಿದೆ."

"ಅಷ್ಟು ಚೆನ್ನಾಗಿದೆಯಾ ಸಾರ್?" ಗುಮಾಸ್ತೆ ನಗು ತಡೆದುಕೊಂಡಳು.

"ಆ ಬಡಗಿ ಇದನ್ನ ನೋಡಿ ಕಲೀಬೇಕು. ಕರೀರಿ ಅವನನ್ನ, ಅವನೆದುರಿಗೇ ಲಕೋಟೆ ಒಡೆಯೋಣ."

ನೂರಕ್ಕೆ ತೊಂಬತ್ತೆಂಟು. ಅಧಿಕಾರಿಗಳು ಠೀವಿಯಿಂದ ಸಹಿ ಹಾಕಿ ಪೆನ್ನನ್ನು ಜೇಬಿನಲ್ಲಿಟ್ಟರು. ಅದಕ್ಕೆ ಮುಚ್ಚಳವಿರಲಿಲ್ಲ. ಹೋದ ವರ್ಷ ಆ ಮುಚ್ಚಳ ಕಳೆದುಹೋದಾಗ ಇಡೀ ಆಫೀಸಿನ ಮೇಲೆ ಅನುಮಾನಪಟ್ಟು ಸುತ್ತೋಲೆಯನ್ನೇ ಹೊರಡಿಸಿದ್ದರು. ಈಗ ಬಡಗಿ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ಅವರು ಅವನನ್ನೇ ನೋಡುತ್ತ ಮೂರನೇ ಲಕೋಟೆ ಹರಿದರು.

ಮೊದಲು ಮೇಜಿನ ಮೇಲೆ ಬಿದ್ದದ್ದು ಪೆನ್ನಿನ ಮುಚ್ಚಳ, ಅದರ ಹಿಂದೆಯೇ ಒಂದು ಚೀಟಿ: "ಸಾರ್, ನಿಮ್ಮ ಹಳೇ ಕುರ್ಚಿ ರಿಪೇರಿಗೆ ಬಿಚ್ಚಿ ಹೊಸ ಬಟ್ಟೆ ಹಾಕೋವಾಗ ಸೀಟಿನ ಸಂದೀಲಿ ಇದು ಸಿಕ್ತು, ಉಳಿದ ಮೂವತ್ತೊಂಬತ್ತನ್ನೂ ಇದೇ ಥರ ಮಾಡಿಕೊಡ್ತೀನಿ."