ತೊಯ್ದ ಚಪ್ಪಲಿ

"ಮದಿವಿ ನಮ್ಮ ತೇರದಾಳದಾಗನ ಆಗಬೇಕು. ಇಲ್ಲಂದ್ರ ಈ ಸಂಬಂಧಾನ ಬ್ಯಾಡ" ಎಂದು ನಾಮದೇವ ಎದ್ದುಬಿಟ್ಟ. ಮಗನಿಗೆ ಹೆಣ್ಣು ಗೊತ್ತುಮಾಡಲು ಹೆಂಡತಿ ಲಗಮವ್ವನೊಡನೆ ಮುಧೋಳಕ್ಕೆ ಬಂದಿದ್ದ. ಹೆಣ್ಣಿನ ತಂದೆ ತುಕಾರಾಮನೂ ಸೋಲುವವನಲ್ಲ. "ಮುಧೋಳದಾಗ ಆದ್ರ ಆತು, ಇಲ್ಲಂದ್ರ ಬಿಟ್ಟಬಿಡ್ರಿ" ಎಂದ. ಒಳಗೆ ಹೊಸ ಸೀರೆ ಉಟ್ಟು ಕೂತಿದ್ದ ದೊಡ್ಡ ಮಗಳು ಬಿಕ್ಕತೊಡಗಿದಳು.

ಸಿಟ್ಟಿನಿಂದ ಹೊಸ್ತಿಲು ದಾಟಿದ ನಾಮದೇವ ಅಲ್ಲೇ ನಿಂತ. ಚಪ್ಪಲಿ ಇರಲಿಲ್ಲ.

"ಮಾದೇವೀ!" ಯಾರನ್ನು ಕೂಗಬೇಕೆಂಬುದು ತುಕಾರಾಮನಿಗೆ ಗೊತ್ತಿತ್ತು. ಹದಿನೈದರ ಕಿರಿಯ ಮಗಳು ಬಚ್ಚಲಿನಿಂದ ಬಂದಳು, ಮೊಣಕೈವರೆಗೆ ಸಾಬಾಣದ ನೊರೆ.

"ಹೊಲಸ ಆಗಿದ್ದುವಪ್ಪಾ. ತೊಳದೇನಿ."

"ಇಬ್ಬರವೂ?"

"ಹ್ಞೂಂ. ಎಡಗಾಲಿಂದು ಒಂದು ಇನ್ನೂ ಮನಸಿಗೆ ಬಂದಿಲ್ಲ. ಮತ್ತೊಮ್ಮೆ ತೊಳೀತೇನಿ."

ಹಿಂದಿನ ವರ್ಷದಿಂದ ಮನೆಯಲ್ಲಿ ಇದೇ ಗೋಳು. ಕೊಡ, ಚಿಲಕ, ಅಪ್ಪನ ಸೈಕಲ್ಲು, ಏನನ್ನು ಮುಟ್ಟಿದರೂ ಕೈ ತೊಳೆಯಬೇಕು; ತೊಳೆದರೂ ತೊಳೆದಂತೆ ಅನಿಸುತ್ತಿರಲಿಲ್ಲ. ಜಗಳ ಹತ್ತಿದರಂತೂ ಬಚ್ಚಲು ಬಿಟ್ಟು ಬರುತ್ತಿರಲಿಲ್ಲ. ಬೈದರೆ, "ಸ್ವಚ್ಛ ಐತಿ ಅಂತ ನನಗೂ ಗೊತ್ತೈತಿ. ಮನಸ್ಸು ಕೇಳಂಗಿಲ್ಲ" ಎಂದು ಅಳುತ್ತಿದ್ದಳು.

ನೆನೆದು ಉಬ್ಬಿದ ತೊಗಲಿನ ಚಪ್ಪಲಿಗಳು ಹಿತ್ತಲ ಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ನಾಮದೇವ ಬರಿಗಾಲಲ್ಲೇ ಹೊರಟ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕಾಲಿಟ್ಟವನೇ ಕುಣಿಯುತ್ತ ಒಳಗೆ ಬಂದ. ಕೂರದೆ ಗತಿಯಿರಲಿಲ್ಲ. ಚಹಾ ಬಂತು. ಮತ್ತೆ ಚಹಾ ಬಂತು. ಚಪ್ಪಲಿ ಒಣಗುವಷ್ಟರಲ್ಲಿ, ತೇರದಾಳವೂ ಬೇಡ, ಮುಧೋಳವೂ ಬೇಡ, ಮದುವೆ ನಡುವಿನ ಜಮಖಂಡಿಯಲ್ಲಿ ಎಂದು ಇಬ್ಬರೂ ಒಪ್ಪಿದ್ದರು.

"ಈಕಿ ಹುಚ್ಚಿನಿಂದ ಛಲೋನ ಆತ ನೋಡ್ರಿ" ಎಂದು ತುಕಾರಾಮ ನಕ್ಕ. ಲಗಮವ್ವ ನಗಲಿಲ್ಲ. ಒಡೆದು ರಕ್ತ ಜಿನುಗುತ್ತಿದ್ದ ಮಾದೇವಿಯ ಕೈಗಳನ್ನು ಹಿಡಿದು ನೋಡುತ್ತಿದ್ದಳು.

"ಹುಚ್ಚಲ್ರೀ ಇದು, ಜಡ್ಡು. ನನ್ನ ತಮ್ಮಗೂ ಇತ್ತು. ಮನಿಗಿ ಬೀಗ ಹಾಕೇನೋ ಇಲ್ಲೋ ಅಂತ ನೋಡಾಕ, ತನ್ನ ಮದಿವ್ಯಾಗ ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಮಂಟಪದಿಂದ ಎದ್ದು ಓಡಿದ್ದ! ಮಿರಜದಾಗ ಡಾಕ್ಟರಿಗೆ ತೋರಿಸಿದ ಮ್ಯಾಲೆ ಈಗ ಆರಾಮ ಅದಾನ. ಈಕಿನ್ನೂ ಕರಕೊಂಡ ಹೋಗೂಣು, ನಾನೂ ಬರತೇನಿ."

ತುಕಾರಾಮನ ನಗು ನಿಂತಿತು. ಮಾದೇವಿ ಲಗಮವ್ವನ ಹತ್ತಿರ ಸರಿದು, ಆತಂಕದಿಂದ ಕೇಳಿದಳು:

"ಬೀಗ ಹಾಕಿತ್ತೇನ್ರೀ, ಅತ್ತಿ?"